ಮೊದಲ ಪಾಳಿ

ಐಟಿ ಕೆಲಸಕ್ಕೆಂದು ಹೈದರಾಬಾದಿಗೆ ಹೋದ ಹೊಸತರಲ್ಲಿ ಲಿಂಗಂಪಲ್ಲಿಯ ಒಂದು ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗಿದ್ದ ಮನೆಯೊಡತಿ ಬೀದರ್ ಕಡೆಯವರು. ಒಂದು ಕಾಲಕ್ಕೆ ಗಂಡನ ಜೊತೆ ನಾಂಪಲ್ಲಿಯಲ್ಲಿ ವಿಡಿಯೊ ಗೇಮ್ ಅಂಗಡಿ ನಡೆಸಿದವರು. ಗಂಡ ತೀರಿಕೊಂಡ ಮೇಲೆ ಉಳಿದದ್ದು ಪರದೆ, ಹಿಡಿಕೆಗಳಿದ್ದ ಆಳೆತ್ತರದ ಒಂದು ಆಟದ ಪೆಟ್ಟಿಗೆ ಮಾತ್ರ. ಆ ಮಳೆಗಾಲ ಮನೆಗೆ ನೀರು ನುಗ್ಗಿ ಅದೂ ನೆನೆಯಿತು.

ಸೆರಗು ಸಿಕ್ಕಿಸಿ ಅವರೇ ರಿಪೇರಿಗೆ ಕೂತರು. ಉಬ್ಬಿದ ಪ್ಲೈವುಡ್ ಕತ್ತರಿಸಿ ಹೊಸದು ಕೂರಿಸಿದರು. ಒಳಗಿನ ಬೋರ್ಡನ್ನು ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿ, ಹಪ್ಪಳದ ಪಕ್ಕದಲ್ಲೇ ಬಿಸಿಲಿಗಿಟ್ಟರು.

"ಇವತ್ತು ಆನ್ ಮಾಡೋಣ್ವಾ ಆಂಟಿ?" ಎಂದು ದಿನಾ ಕೇಳುತ್ತಿದ್ದೆ.

"ಅವಸರ ಬ್ಯಾಡ್ರಿ. ಇನ್ನೂ ಹಸಿ ಐತಿ."

ಒಂದು ಭಾನುವಾರ ಪರದೆ ಬೆಳಗಿತು. ಅವರು ಇಬ್ಬರಾಡುವ ಆಟದ ಗುಂಡಿ ಒತ್ತಿದರು. ಒಬ್ಬರ ವಿಮಾನ ಸಿಡಿದ ಮೇಲೆ ಇನ್ನೊಬ್ಬರ ಪಾಳಿ. ಮೊದಲ ವಿಮಾನ ಬಂದರೂ ಅವರು ಕೈಕಟ್ಟಿ ನಿಂತೇ ಇದ್ದರು. ನಾನು ಹಿಡಿಕೆಗೆ ಕೈ ಚಾಚಿದೆ.

"ಅವಸರ ಬ್ಯಾಡ್ರಿ. ಮೊದಲ ಪಾಳಿ ನಮ್ಮ ಮನಿಯವ್ರದು."

ಯಾರೂ ಮುಟ್ಟದ ವಿಮಾನ ಗುಂಡು ತಿಂದು ಸಿಡಿಯಿತು. ಆಮೇಲೆ ಅವರು ಹಿಡಿಕೆ ಹಿಡಿದರು. ತಮ್ಮ ವಿಮಾನವನ್ನು ನೇರ ಶತ್ರುವಿನ ಗುಂಡಿಗೇ ಒಡ್ಡಿ, ಮೊದಲಿನವರ ಪಾಳಿ ಮರಳಿ ಬಂದಾಗ ಮತ್ತೆ ಕೈಕಟ್ಟಿ ನಿಂತರು.