ಮೂರನೇ ಡಬ್ಬದ ಸದ್ದು

ಸದ್ದಿಲ್ಲ. ಹಾಗಾದರೆ ಸರಿಯಾಗಿದೆ ಎಂದೇ? ಅಥವಾ ಇನ್ನೂ ಶುರುವಾಗಿಲ್ಲ ಎಂದೇ? ಖಾಲಿ ಕೋಣೆಯಲ್ಲಿ ಎಲ್ಲ ಡಬ್ಬಗಳೂ ಸಾಧುಗಳೇ. ನಾಲ್ಕು ಜನ ಬಂದು ಕೂತು ಕೆಲಸ ಶುರುಮಾಡಿದ ಮೇಲಲ್ಲವೇ ಒಂದೊಂದರ ಬುದ್ಧಿ ಗೊತ್ತಾಗುವುದು?

ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಏನೂ ಬರದ ಹೆಡ್‌ಫೋನನ್ನು ಇಷ್ಟೊಂದು ಗಮನವಿಟ್ಟು ಕೇಳುತ್ತ ನಿಂತಿರುವವರು ಈ ಹೊಲಿಗೆ ಕಾರ್ಖಾನೆಯ ಮೆಕ್ಯಾನಿಕ್. ಬೆಳಕು ಇನ್ನೂ ಕಿಟಕಿಯ ಮೇಲಿನ ಗಾಜಿಗಷ್ಟೇ ಬಂದಿದೆ. ಹೊಲಿಗೆ ಮೆಷಿನ್‌ಗಳು ಬಟ್ಟೆಯ ಮುಸುಕು ಹೊದ್ದು ಮಲಗಿವೆ. ನೆಲದ ಮೇಲೆ ನಿನ್ನೆಯ ದಾರದ ತುಂಡುಗಳು. ಮೂಲೆಯಲ್ಲಿ ಇವತ್ತಷ್ಟೇ ಜೋಡಿಸಿದ ಒಂದು ಸಣ್ಣ ಕಪ್ಪು ಡಬ್ಬ, ಅದರ ಹಣೆಯ ಮೇಲೊಂದು ಹಸಿರು ದೀಪ.

"ಖಾಲಿ ಕೋಣೆ ಹೇಳಿದ್ದನ್ನ ನಂಬಬಾರದು," ಎನ್ನುತ್ತ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಇಳಿಸುತ್ತಾರೆ. "ಒಂದ್ಸಲ ನಂಬಿ ಕೆಟ್ಟಿದ್ದೀನಿ."

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಎಣ್ಣೆ ಅಣ್ಣ ಎಂದು. ಸದಾ ಕೈಯಲ್ಲಿರುವ ಎಣ್ಣೆಯ ಡಬ್ಬಿಯಿಂದ ಬಂದ ಹೆಸರು. ಹೊಸದಾಗಿ ಸೇರಿದವರು ಬೇರೆ ಅರ್ಥ ಮಾಡಿಕೊಂಡು ಒಂದು ವಾರ ದೂರದಲ್ಲೇ ನಿಂತು ಮಾತಾಡಿಸುತ್ತಾರೆ. ಅವರು ಕುಡಿಯುವುದು ಬರೀ ಚಹಾ. ಅದೂ ಆರಿದ ಮೇಲೆ.

ಅವರ ಕೆಲಸ ಮೆಷಿನ್‌ಗಳದು. ಎಲ್ಲರಿಗಿಂತ ಮೊದಲು ಬಂದು ಮುಸುಕು ತೆಗೆಯುತ್ತಾರೆ, ಎಣ್ಣೆ ಬಿಡುತ್ತಾರೆ, ಮೊಂಡಾದ ಸೂಜಿಗಳನ್ನು ಬದಲಾಯಿಸುತ್ತಾರೆ. ಎಡಗೈ ತೋರುಬೆರಳಿನ ಉಗುರಿನ ನಡುವೆ ಒಂದು ಚುಕ್ಕೆಯಿದೆ. ಸೂಜಿ ಒಮ್ಮೆ ಆ ಕಡೆಯಿಂದ ಈ ಕಡೆಗೆ ಹೋದ ಗುರುತು. ಆದರೆ ಈ ಕಾರ್ಖಾನೆಯ ಹೆಂಗಸರು ಅವರನ್ನು ಹೊಗಳುವುದು ಮೆಷಿನ್‌ಗಳಿಗಾಗಿ ಅಲ್ಲ, ಡಬ್ಬಗಳಿಗಾಗಿ.

ಇಲ್ಲೊಂದು ರೂಢಿಯಿದೆ. ಊಟವಾದ ಮೇಲೆ, ಕಣ್ಣು ಎಳೆಯುವ ಹೊತ್ತಿಗೆ, ಒಬ್ಬಾಕೆ ತನ್ನ ಕುರ್ಚಿಯಿಂದೆದ್ದು ಬಟ್ಟೆ ಕತ್ತರಿಸುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮೈಕಿನ ಮುಂದೆ ಕೂತು ಕಥೆ ಓದುತ್ತಾಳೆ. ಅವಳ ಪಾಲಿನ ಕಾಲರ್‌ಗಳನ್ನು ಉಳಿದವರು ಹಂಚಿಕೊಂಡು ಹೊಲಿಯುತ್ತಾರೆ. ಮೊದಲು ಗೋಡೆಗೊಂದು ಲೌಡ್‌ಸ್ಪೀಕರ್ ಇತ್ತು. ಮೆಷಿನ್‌ಗಳ ಗದ್ದಲವನ್ನು ಮೀರಿಸಬೇಕೆಂದರೆ ಅದು ಅರಚಬೇಕಿತ್ತು. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಒಂದು ದಿನ ಡಾಕ್ಟರು ತಾವೇ ಮೆಟ್ಟಿಲು ಹತ್ತಿ ಬಂದರಂತೆ: "ನಿಮ್ಮ ಕಥೆ ಚೆನ್ನಾಗಿದೆ. ಆದರೆ ನನ್ನ ಪೇಷಂಟು ಬಾಯಿ ಮುಚ್ಕೊಂಡು ಕೇಳ್ತಾ ಕೂತಿದ್ದಾನೆ. ನಾನು ಹಲ್ಲು ಕೀಳೋದು ಹೇಗೆ?"

ಆಗ ಎಣ್ಣೆ ಅಣ್ಣನಿಗೆ ಹೊಳೆದದ್ದು ಹೆಡ್‌ಫೋನ್. ಹಿಂದೆ ಹಾಡು ಧ್ವನಿಮುದ್ರಿಸುತ್ತಿದ್ದ, ಈಗ ಮುಚ್ಚಿಹೋದ ಸ್ಟುಡಿಯೊ ಒಂದರಿಂದ ನಾಲ್ಕು ಹಳೆಯ ಡಬ್ಬ ತಂದರು. ಬಂದ ಧ್ವನಿಯನ್ನು ಹಿಗ್ಗಿಸಿ ನಾಲ್ಕು ಹೆಡ್‌ಫೋನ್‌ಗಳಿಗೆ ಹಂಚುವುದು ಒಂದೊಂದು ಡಬ್ಬದ ಕೆಲಸ. ಕೂರುವವರು ಹದಿನಾರು ಜನ. ಹಾಗಾಗಿ ಒಂದನೇ ಡಬ್ಬದಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಸರಪಳಿಯಂತೆ ವೈರು ಎಳೆದರು. ಮೇಜಿಗೊಂದು ಡಬ್ಬ. ಸೂಪರ್‌ವೈಸರ್ ಕರೆದದ್ದು ಗೊತ್ತಾಗಲೆಂದು ಗೋಡೆಗೊಂದು ಕೆಂಪು ಬಲ್ಬು.

ಈ ಕೋಣೆಗೆ ಮಧ್ಯಾಹ್ನ ಮೊದಲ ಸಲ ಕಾಲಿಡುವವರು ಗಾಬರಿಯಾಗುತ್ತಾರೆ. ಯಾರೂ ಯಾರೊಂದಿಗೂ ಮಾತಾಡುತ್ತಿಲ್ಲ. ಮೆಷಿನ್‌ಗಳಷ್ಟೇ ಓಡುತ್ತಿವೆ. ಇದ್ದಕ್ಕಿದ್ದಂತೆ ಕೋಣೆಗೆ ಕೋಣೆಯೇ ಒಟ್ಟಿಗೆ ನಗುತ್ತದೆ. ಅಷ್ಟೇ ಬೇಗ ಮತ್ತೆ ಸುಮ್ಮನಾಗುತ್ತದೆ. ಒಬ್ಬೊಬ್ಬರೇ ಸುಮ್ಮನಿರುವುದಕ್ಕೂ ಎಲ್ಲರೂ ಸೇರಿ ಸುಮ್ಮನಿರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಡಬ್ಬಗಳನ್ನು ಒಂದಕ್ಕೊಂದು ಪೋಣಿಸಿದ ಕೂಡಲೇ ಅವು ಬಾಲ ಮುದುರಿಕೊಂಡು ಕೂರಲಿಲ್ಲ. ಮೊದಲ ದಿನವೇ 'ಸುಸ್ಸ್' ಎಂದವು. ಯಾಕೆಂದು ಕೇಳಿದರೆ ಎಣ್ಣೆ ಅಣ್ಣ ಡಬ್ಬದ ಗುಂಡಿ ತಿರುಗಿಸುತ್ತ ವಿವರಿಸುತ್ತಾರೆ. "ಮೊದಲನೆಯವನು ಪಿಸುಗುಟ್ಟಿದ್ರೆ ಕೊನೆಯವನು ಕಿರುಚಬೇಕಾಗುತ್ತೆ. ಕಿರುಚೋನು ಮಾತನ್ನಷ್ಟೇ ಕಿರುಚಲ್ಲ, ಉಸಿರನ್ನೂ ಕಿರುಚ್ತಾನೆ. ಅದೇ ಈ ಸುಸ್ಸ್. ಮೊದಲನೆಯವನನ್ನ ಬಾಯಿಬಿಟ್ಟು ಮಾತಾಡಿಸಿ, ಹಿಂದಿನವರನ್ನ ತಗ್ಗಿಸಿದೆ. ಹೋಯ್ತು." ಆಮೇಲೆ 'ಗುಂಯ್' ಎಂದವು. ನಾಲ್ಕು ಡಬ್ಬಕ್ಕೂ ಆಯಾ ಮೇಜಿನ ಪ್ಲಗ್ಗಿನಿಂದಲೇ ಕರೆಂಟು ಕೊಟ್ಟಿದ್ದರು. "ನಾಲ್ಕು ಬಾವಿ ನೀರು ಕುಡಿದೋರು ಒಂದೇ ಮಾತು ಆಡ್ತಾರಾ? ಎಲ್ಲರನ್ನೂ ಒಂದೇ ಪ್ಲಗ್ಗಿಗೆ ತಂದೆ. ತೆಪ್ಪಗಾದ್ರು."

ಈ ಬುದ್ಧಿ ಅವರಿಗೆ ಬಂದದ್ದು ಹೆಣ್ಣು ಕೊಟ್ಟ ಮಾವನಿಂದ. ಮಾವನದು ರೇಡಿಯೊ ರಿಪೇರಿ ಅಂಗಡಿ. ಮದುವೆಗೆ ಮುಂಚಿನಿಂದಲೂ ಅಲ್ಲೇ ಕೆಲಸಕ್ಕಿದ್ದರು. ಜನ ರೇಡಿಯೊ ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ ಅಂಗಡಿಗೆ ಬೀಗ ಬಿತ್ತು. ಎರಡು ವರ್ಷ ಅಲ್ಲಿ ಇಲ್ಲಿ ಫ್ಯಾನು, ಮಿಕ್ಸಿ ಬಿಚ್ಚಿ ಜೋಡಿಸುತ್ತ, ಒಮ್ಮೊಮ್ಮೆ ಬಿಚ್ಚಲೂ ಏನೂ ಸಿಗದೆ ದಿನ ತಳ್ಳಿ, ಕೊನೆಗೆ ಈ ಹೊಲಿಗೆ ಮೆಷಿನ್‌ಗಳ ಹತ್ತಿರ ಬಂದರು. "ಮಾವ ಒಂದು ಮಾತು ಹೇಳೋರು: ಸದ್ದು ಎಲ್ಲಿ ಜಾಸ್ತಿ ಕೇಳಿಸುತ್ತೋ ಅಲ್ಲಿ ಹುಟ್ಟಿರಲ್ಲ." ಹೆಂಡತಿಯ ಲೆಕ್ಕವೇ ಬೇರೆ. "ಕಾರ್ಖಾನೆಯ ಸದ್ದೆಲ್ಲಾ ಬೇರೆ ಬೇರೆಯಾಗಿ ಗೊತ್ತಾಗುತ್ತಂತೆ ಇವರಿಗೆ. ಮನೇಲಿ ಕುಕ್ಕರ್ ಐದು ಸಲ ಕೂಗಿದ್ರೂ ಕೇಳಿಸಲ್ಲ."

ಖಾಲಿ ಕೋಣೆಯನ್ನು ನಂಬಿ ಕೆಟ್ಟದ್ದು ಎರಡು ವರ್ಷದ ಹಿಂದೆ.

ಆಗ ಕೊಲೆಯ ಕಥೆಯೊಂದು ಓಡುತ್ತಿತ್ತು. ಕೊಲೆಗಾರ ಯಾರೆಂದು ಕೋಣೆ ಎರಡು ಪಂಗಡವಾಗಿತ್ತು. ಒಂದು ಸೋಮವಾರ ಮಧ್ಯಾಹ್ನ, ಕಥೆಯಲ್ಲಿ ಬಾಗಿಲು ತೆರೆದುಕೊಂಡು, ಅದರ ಹಿಂದೆ ನಿಂತಿದ್ದವನು ಇನ್ನೇನು ಬೆಳಕಿಗೆ ಬರಬೇಕು, ಆಗ ಹೆಡ್‌ಫೋನಿನಲ್ಲಿ 'ಕುಂಯ್' ಎಂದಿತು. ಬರೀ ಒಂದು ಸಲವಲ್ಲ. ಏರುತ್ತ, ಇಳಿಯುತ್ತ, ಮಾತನ್ನೆಲ್ಲ ನುಂಗುತ್ತ. ಒಂದು, ಎರಡನೇ ಮೇಜಿನವರಿಗೆ ಏನೂ ತೊಂದರೆಯಿಲ್ಲ. ಮೂರನೇ ಮೇಜಿಗೆ ಸ್ವಲ್ಪ ಕಿರಿಕಿರಿ, ನಾಲ್ಕನೆಯದಕ್ಕೆ ಕಿವಿ ತೂತು. ಕೇಳಿದರೆ ಎಲ್ಲರೂ ಒಟ್ಟಿಗೇ ಕೇಳಬೇಕೆಂದು, ಹೆಸರು ಬರುವ ಮೊದಲೇ ಓದು ನಿಂತಿತು.

ನಾಲ್ಕನೇ ಮೇಜಿನಲ್ಲಿ ಗುಂಡಿ ಹೊಲಿಯುವ, ಎಲ್ಲರೂ ಗುಂಡಿ ಅಕ್ಕ ಎನ್ನುವ ಹೆಂಗಸು ಹೆಡ್‌ಫೋನ್ ಕಿತ್ತು ಕೇಳಿದಳಂತೆ: "ಎಣ್ಣೆ ಅಣ್ಣ, ನಿಮ್ಮ ಡಬ್ಬ ಕೊಲೆಗಾರನ ಕಡೆಯವನಾ? ಹೆಸರು ಹೇಳೋ ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚಿಸ್ತಾನಲ್ಲ."

ಎಣ್ಣೆ ಅಣ್ಣ ಮಾವನ ಮಾತು ಮರೆತರು. ನಾಲ್ಕನೇ ಡಬ್ಬ ಬಿಚ್ಚಿ ಕೂತರು. ಎರಡು ದಿನ ಬೆಳಗಿನ ಹೊತ್ತು ಅದನ್ನು ಬೆಸುಗೆ ಹಾಕಿ, ಒರೆಸಿ, ಖಾಲಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಏನೂ ಇಲ್ಲ. ಮಧ್ಯಾಹ್ನವಾದರೆ ಮತ್ತೆ ಕುಂಯ್. ಮೆಷಿನ್‌ಗಳದೇ ಕಿತಾಪತಿ ಎಂದು ಅನುಮಾನ ಬಂದು, ಚಹಾದ ವಿರಾಮದಲ್ಲಿ ಒಂದೊಂದೇ ಮೆಷಿನಿನ ಮುಂದೆ ಕೂತು ಪೆಡಲ್ ಒತ್ತಿ ನೋಡಿದರು. ಒಂದೂ ಕುಂಯ್ ಎನ್ನಲಿಲ್ಲ.

"ಇವರಿಗೆ ತಲೆ ಕೆಟ್ಟಿದೆ, ಮೆಷಿನಿಗಲ್ಲ," ಎಂದಳು ಗುಂಡಿ ಅಕ್ಕ.

ಸೂಪರ್‌ವೈಸರ್ ಕೆಟ್ಟವರಲ್ಲ. ಮಿಕ್ಕ ಒಂದು ಹೆಡ್‌ಫೋನ್ ಎತ್ತಿಕೊಂಡು ತಾವೂ ಕಂಬಕ್ಕೊರಗಿ ಕಥೆ ಕೇಳುತ್ತಿದ್ದವರೇ. ಆದರೆ ಕಿವಿ ಹಿಡಿದುಕೊಂಡು ಕೂತ ಹೆಂಗಸರ ಕೈ ಓಡುತ್ತಿರಲಿಲ್ಲ. ಅದೇ ತಿಂಗಳು ಮೇಲಿನಿಂದ ಇನ್ನೊಂದು ಮಾತೂ ಬಂದಿತ್ತು: ಕೈ ನಿಧಾನವಾದವರನ್ನು ಮೆಷಿನಿನಿಂದ ಎಬ್ಬಿಸಿ ದಾರ ಕತ್ತರಿಸುವ ಮೇಜಿಗೆ ಕಳಿಸಿ. ಅಲ್ಲಿ ಸಂಬಳ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಹೊಲಿಯುತ್ತಿದ್ದವಳು ಎದ್ದುಹೋಗಿ ಅಲ್ಲಿ ಕೂರುವುದನ್ನು ಎಲ್ಲರೂ ನೋಡುತ್ತಾರೆ. ಹಾಗಾಗಿ ಸೂಪರ್‌ವೈಸರ್ ಆ ದಿನಗಳಲ್ಲಿ ಮೇಜುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದರು. ಅವರು ಹತ್ತಿರ ಬಂದರೆ ಬೆನ್ನುಗಳು ನೆಟ್ಟಗಾಗುತ್ತಿದ್ದವು.

"ಶನಿವಾರದೊಳಗೆ ಸರಿಹೋದ್ರೆ ಸರಿ ಅಣ್ಣ," ಎಂದರು. "ಇಲ್ಲಾಂದ್ರೆ ಡಬ್ಬ ಎಲ್ಲಾ ಬಿಚ್ಚಿಡಿ. ನಾನೂ ಜವಾಬು ಹೇಳಬೇಕು."

ಗುರುವಾರ ಎಣ್ಣೆ ಅಣ್ಣ ಮೂರನೇ ಮೇಜಿನ ಕೆಳಗೆ ತೂರಿದರು. ಡಬ್ಬಕ್ಕೆ ಹೋಗುವ ತೆಳು ವೈರು ಮೋಟರುಗಳ ದಪ್ಪ ವೈರಿಗೆ ಅಂಟಿಕೊಂಡು ಮಲಗಿತ್ತು. ಎಬ್ಬಿಸಿ ಮೇಲಿನ ಕಂಬಿಗೆ ಕಟ್ಟಿದರು. ಸದ್ದು ಅರ್ಧ ಇಳಿಯಿತು, ಹೋಗಲಿಲ್ಲ.

ಶುಕ್ರವಾರ ಒಂದು ವಿಚಿತ್ರ ಬೇಡಿಕೆ ಇಟ್ಟರು. ಇವತ್ತು ಯಾರೂ ಓದಬೇಡಿ. ನೀವು ಹೊಲೀತಾ ಇರಿ, ನಾನು ಕೇಳ್ತೀನಿ. ನಾಲ್ಕನೇ ಮೇಜಿನ ಹೆಡ್‌ಫೋನ್ ಹಾಕಿಕೊಂಡು, ಕಂಬದ ಹತ್ತಿರ ಸ್ಟೂಲು ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತರು. ಓದುವವರಿಲ್ಲದ ಆ ಅರ್ಧ ಗಂಟೆ ಬಹಳ ಉದ್ದವಾಗಿತ್ತೆಂದು ಅವತ್ತು ಅಲ್ಲಿದ್ದವರು ಹೇಳುತ್ತಾರೆ. ಹದಿನಾರು ಮೆಷಿನ್‌ಗಳ ಗದ್ದಲದ ನಡುವೆ ಒಬ್ಬ ಮನುಷ್ಯ ಬೆನ್ನು ತಿರುಗಿಸಿ ಕೂತಿದ್ದಾನೆ, ಯಾರಿಗೂ ಅವನ ಮುಖ ಕಾಣುತ್ತಿಲ್ಲ.

"ಅವತ್ತು ಸಿಕ್ಕಿತು," ಎನ್ನುತ್ತಾರೆ ಎಣ್ಣೆ ಅಣ್ಣ. "ಮೆಲ್ಲಗೆ ಏರುತ್ತೆ, ಅರ್ಧಕ್ಕೆ ನಿಲ್ಲುತ್ತೆ, ಅಲ್ಲೇ ಒಂಚೂರು ನಡುಗುತ್ತೆ, ಮತ್ತೆ ಇಳಿಯುತ್ತೆ. ಕರೆಂಟು ಹಾಗೆ ನಡುಗಲ್ಲ. ಈ ಹೊಸ ಮೋಟರು ನೋಡಿ, ಪೆಡಲ್ ಪೂರ್ತಿ ಒತ್ತಿದ್ರೆ ಸುಮ್ಮನೆ ಓಡುತ್ತೆ. ಅರ್ಧ ಒತ್ತಿ ಹಿಡಿದ್ರೆ ಒಳಗೊಳಗೇ ಕುಂಯ್‌ಗುಡುತ್ತೆ. ಬರೀ ಕಿವಿಗೆ ಕೇಳಿಸಲ್ಲ, ಡಬ್ಬಕ್ಕೆ ಕೇಳಿಸುತ್ತೆ. ಮೂರನೆಯದು ಹಿಡ್ಕೊಳ್ಳುತ್ತೆ, ನಾಲ್ಕನೆಯದು ಹಿಗ್ಗಿಸುತ್ತೆ. ನಾನು ಪರೀಕ್ಷೆ ಮಾಡುವಾಗ ನನ್ನ ಕಾಲಲ್ಲಿ ಒತ್ತಿದೆ. ನಂದು ಮೆಕ್ಯಾನಿಕ್ ಕಾಲು, ಪೂರ್ತಿ ಒತ್ತೇ ಅಭ್ಯಾಸ. ಅಲ್ಲೇ ಎಡವಿದ್ದು."

ಹಾಗಾದರೆ ಅರ್ಧ ಒತ್ತುತ್ತಿದ್ದ ಕಾಲು ಯಾರದು?

"ಯಾರದಾದ್ರೇನು, ಬಿಡಿ," ಎಂದು ನಗುತ್ತಾರೆ. ಎಣ್ಣೆಯ ಡಬ್ಬಿ ಎತ್ತಿಕೊಂಡು ಏಳನೇ ಮೆಷಿನಿನ ಕಡೆ ಹೊರಡುತ್ತಾರೆ.

ಶನಿವಾರ ಬೆಳಗಿನ ಜಾವವೇ ಬಂದು, ಮೋಟರಿನಲ್ಲಿ ಪೆಡಲನ್ನು ಬಿಗಿಹಿಡಿಯುವ ಸ್ಪ್ರಿಂಗು ತೆಗೆದು ಹಗುರವಾದದ್ದನ್ನು ಹಾಕಿದರು. ಒಂದು ಮೆಷಿನಿಗಲ್ಲ, ಹದಿನಾರಕ್ಕೂ. ಕೆಲಸ ಶುರುವಾದಾಗಲೂ ಕೊನೆಯ ಮೂರ್ನಾಲ್ಕು ಬಾಕಿಯಿದ್ದವು. ಹೆಂಗಸರು ಬಂದು ಕಾಲಿಟ್ಟದ್ದೇ ತಡ, ಕೋಣೆಯಲ್ಲಿ ಕೋಲಾಹಲ. ಅಭ್ಯಾಸದಂತೆ ಒತ್ತಿದರೆ ಮೆಷಿನು ಕುದುರೆಯಂತೆ ಓಡಿತು. ಒಬ್ಬಳು ಕಾಲರಿನ ತುದಿ ದಾಟಿ ತನ್ನ ಸೆರಗನ್ನೇ ಹೊಲಿದುಕೊಂಡಳು.

"ಏನಣ್ಣ ಇದು, ಮುಟ್ಟಿದ್ರೆ ಓಡುತ್ತೆ, ಹೊಸ ಸೊಸೆ ಥರ," ಎಂದಳು ಗುಂಡಿ ಅಕ್ಕ.

"ಯಾವ ಸೊಸೆ ಹಾಗೆ ಓಡ್ತಾಳೆ?" ಎಂದರು ಎಣ್ಣೆ ಅಣ್ಣ, ಮೆಷಿನಿನ ಕೆಳಗಿನಿಂದಲೇ.

"ತವರಿಗೆ ಕಳಿಸ್ತೀನಿ ಅಂದು ನೋಡಿ."

ಸೂಪರ್‌ವೈಸರ್ ಬಂದು ಕೇಳಿದರು: "ಒಂದು ಸದ್ದಿಗೆ ಹದಿನಾರು ಸ್ಪ್ರಿಂಗಾ?"

"ಹಳೇದಾಗಿದ್ವು ಸಾರ್. ಬದಲಾಯಿಸೋದಾದ್ರೆ ಎಲ್ಲಾ ಒಟ್ಟಿಗೇ ಬದಲಾಯಿಸಬೇಕು."

ಮಧ್ಯಾಹ್ನ ಕಥೆ ಮುಂದುವರಿಯಿತು. ಕುಂಯ್ ಎನ್ನಲಿಲ್ಲ. ಬಾಗಿಲ ಹಿಂದೆ ನಿಂತಿದ್ದವನು ಗಡಿಯಾರದ ಅಂಗಡಿಯವನು ಎಂದು ಗೊತ್ತಾದಾಗ ಅರ್ಧ ಕೋಣೆ ಚಪ್ಪಾಳೆ ತಟ್ಟಿತು, ಇನ್ನರ್ಧ ಮೋಸ ಎಂದಿತು. ಡಬ್ಬಗಳನ್ನು ಬಿಚ್ಚುವ ಮಾತು ಮತ್ತೆ ಬರಲಿಲ್ಲ.

ಕಾರ್ಖಾನೆಯವರೆಲ್ಲ ದೊಡ್ಡಮ್ಮ ಎನ್ನುವ ಹಿರಿಯ ಹೊಲಿಗೆಯವರು ಹೋದ ವರ್ಷ ನಿವೃತ್ತರಾದರು. ಎದ್ದುಹೋಗುವ ಕೊನೆಯ ದಿನದವರೆಗೂ ಅವರು ಕೂತಿದ್ದದ್ದು ಮೂರನೇ ಮೇಜಿನಲ್ಲಿ, ಒಂಬತ್ತನೇ ಮೆಷಿನಿನ ಮುಂದೆ. ಈಗ ಪ್ರತಿ ಗುರುವಾರ ಬಂದು ಕಥೆ ಓದಿ ಹೋಗುತ್ತಾರೆ. ಬೇರೆ ಬೇರೆ ಪಾತ್ರಕ್ಕೆ ಬೇರೆ ಬೇರೆ ದನಿ ತೆಗೆಯುವುದು ಅವರೊಬ್ಬರೇ.

"ಬರೀರಿ, ಪರವಾಗಿಲ್ಲ," ಎನ್ನುತ್ತಾರೆ ಮೈಕಿನ ಮುಂದೆ ಕನ್ನಡಕ ಒರೆಸುತ್ತ. "ಈಗ ನನ್ನನ್ನ ಯಾವ ಮೇಜಿಗೆ ಕಳಿಸ್ತಾರೆ? ಆಗ ನನ್ನ ಬಲ ಮೊಣಕಾಲು ಹೋಗಿತ್ತು. ಪೆಡಲ್ ಪೂರ್ತಿ ಒತ್ತೋಕೆ ಆಗ್ತಿರಲಿಲ್ಲ. ಅರ್ಧ ಒತ್ತಿ, ಹಲ್ಲು ಕಚ್ಚಿ ಹಿಡ್ಕೋತಿದ್ದೆ. ನಿವೃತ್ತಿಗೆ ಇನ್ನೊಂದೇ ವರ್ಷ. ಯಾರಿಗೂ ಗೊತ್ತಾಗದ ಹಾಗೆ ದಾಟಿಬಿಡೋಣ ಅಂದ್ಕೊಂಡಿದ್ದೆ. ಆ ಶನಿವಾರ ಬಂದು ಕೂತೆ. ಹೆಬ್ಬೆರಳು ತಾಗಿಸಿದೆ ಅಷ್ಟೇ, ಓಡ್ತು. ನೋವಿಲ್ಲ, ಏನಿಲ್ಲ. ತಿರುಗಿ ನೋಡಿದ್ರೆ ಅವನು ಹದಿಮೂರನೇ ಮೆಷಿನಿನ ಕೆಳಗೆ ತಲೆ ಹಾಕ್ಕೊಂಡಿದ್ದಾನೆ. ತಲೆ ಎತ್ತಲೇ ಇಲ್ಲ."

ಅವರನ್ನು ಕೇಳಲಿಲ್ಲವೇ?

"ಕೇಳಿದೆ. ಸ್ಪ್ರಿಂಗ್ ಹಳೇದಾಗಿತ್ತು ದೊಡ್ಡಮ್ಮ, ಅಂದ. ಹಳೇದಾಗಿದ್ದು ಸ್ಪ್ರಿಂಗ್ ಅಲ್ಲ ಕಣೋ ಅನ್ನೋದು ಬಾಯಿ ತುದಿಗೆ ಬಂತು. ನುಂಗಿಕೊಂಡೆ. ಅವನು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದನ್ನ ನಾನ್ಯಾಕೆ ಬಿಚ್ಚಲಿ?"

ಈ ವಾರ ಕಾರ್ಖಾನೆಗೆ ಇನ್ನೂ ನಾಲ್ಕು ಮೆಷಿನ್‌ಗಳು ಬಂದಿವೆ. ಅದಕ್ಕೇ ಈ ಐದನೇ ಡಬ್ಬ. ಎಣ್ಣೆ ಅಣ್ಣನಿಗೆ ಹೆಚ್ಚಿನ ಆಸೆಗಳೇನಿಲ್ಲ. ಹೆಡ್‌ಫೋನ್‌ಗಳ ಮೆತ್ತೆ ಸವೆದು ಹೆಂಗಸರ ಕಿವಿಗೆ ಒತ್ತುತ್ತವೆ, ಅವನ್ನು ಬದಲಾಯಿಸಬೇಕು. ಅಂಗಡಿಯವನು ಇವತ್ತು ನಾಳೆ ಎನ್ನುತ್ತಿದ್ದಾನೆ. ಸಿಗದಿದ್ದರೆ ಮಿಕ್ಕ ಬಟ್ಟೆಯಲ್ಲಿ ಹೊಲಿಸಿಬಿಡೋಣ, ಹೊಲಿಯುವವರಿಗೇನು ಬರವೇ, ಎನ್ನುತ್ತಾರೆ.

ದೊಡ್ಡಮ್ಮ ಹೀಗೆ ಹೇಳಿದರೆಂದು ತಿಳಿಸಿದಾಗ ಅವರು ಕೈಯೊರೆಸುವ ಬಟ್ಟೆಯಿಂದ ಬೆರಳುಗಳ ಸಂದಿಯನ್ನು ಬಹಳ ಹೊತ್ತು ಒರೆಸಿಕೊಳ್ಳುತ್ತಾರೆ. "ದೊಡ್ಡಮ್ಮನಿಗೆ ಕಥೆ ಓದೀ ಓದೀ ಈಗ ಕಟ್ಟೋದೂ ಅಭ್ಯಾಸ ಆಗಿದೆ," ಎನ್ನುತ್ತಾರೆ.

ಆ ಸದ್ದು ಯಾವ ಮೆಷಿನಿನಿಂದ ಬರುತ್ತಿತ್ತೆಂದು ಅವರು ಈವರೆಗೆ ಯಾರಿಗೂ ಹೇಳಿಲ್ಲ. ದೊಡ್ಡಮ್ಮನಿಗೂ ಹೇಳಿಲ್ಲ.