ಸ್ಟೀಲ್ ತಟ್ಟೆಯಲ್ಲಿದ್ದ ರ‍್ಯಾಮ್

ವಿಚಿತ್ರ ಘಟನೆಗಳನ್ನು ಹೇಳುವವರ ನಡುವೆ ಕುಳಿತಾಗ ಬೇಡದ ಪ್ರಶ್ನೆಗಳನ್ನು ಕೇಳುವವಳು ಯಾವಾಗಲೂ ನಾನೇ ಆಗಿದ್ದೆ. ಕಾಪುವಿನ ಕಡಲಬದಿಯಲ್ಲಿ ಬೆಳೆದವರಿಗೆ ಇಂಥ ಕಥೆಗಳ ಕೊರತೆಯಿಲ್ಲ. ದೋಣಿಯ ಮುಂದೆ ಮುಂದೆ ಸರಿದ ಬೆಳಕು, ಯಾರೂ ಇಲ್ಲದ ದಡದಿಂದ ಹೆಸರು ಹಿಡಿದು ಕರೆದ ದನಿ, ಇವೆಲ್ಲ ನಮ್ಮ ಮನೆಯ ಜಗಲಿಗೆ ಚಹಾದ ಜೊತೆಗೇ ಬರುತ್ತಿದ್ದವು. "ನೋಡಿದ್ದು ನೀವೋ, ನಿಮಗೆ ಹೇಳಿದವರೋ?" ಎಂದು ನಾನು ಕೇಳಿದೊಡನೆ ಹೇಳುವವರ ಉತ್ಸಾಹ ಇಳಿದುಹೋಗುತ್ತಿತ್ತು. ನಮ್ಮ ಕುಟುಂಬದಲ್ಲಿ ಮೊದಲು ಪದವಿ ಪಡೆದವಳು ನಾನಾದುದರಿಂದ, ಇಂಥದ್ದನ್ನು ನಂಬದಿರುವುದು ಪದವಿಯ ಜೊತೆಗೆ ಬಂದ ಒಂದು ಜವಾಬ್ದಾರಿಯೆಂದೇ ಭಾವಿಸಿದ್ದೆ.

ಆದ್ದರಿಂದ ಈಗ ನನ್ನದೇ ಅನುಭವವೊಂದನ್ನು ಬರೆಯಲು ಹೊರಟಾಗ ಸಂಕೋಚವಾಗುತ್ತಿದೆ. ಇದರಲ್ಲಿ ಬೆಳಕಿಲ್ಲ, ದನಿಯಿಲ್ಲ, ಕತ್ತಲೆ ಕೂಡ ಇಲ್ಲ. ನಡೆದದ್ದು ಒಂದು ಶನಿವಾರದ ಬೆಳಿಗ್ಗೆ, ಬಿಸಿಲು ಚೆನ್ನಾಗಿ ಬಿದ್ದಿದ್ದ ಕೋಣೆಯಲ್ಲಿ, ಒಂದು ಹಳೆಯ ಕಂಪ್ಯೂಟರಿನ ಮುಂದೆ. ಕಂಪ್ಯೂಟರ್ ಬಲ್ಲವರು ನಗುತ್ತಾರೆಂಬ ಅಂಜಿಕೆಯಿಂದ ಇಷ್ಟು ವರ್ಷ ಬರೆಯಲಿಲ್ಲ. ಅದನ್ನು ಅರಿಯದವರು ನಗಲಾರರು, ಆದರೆ ಇದರಲ್ಲಿ ವಿಚಿತ್ರವೇನಿದೆ ಎಂಬುದು ಅವರಿಗೆ ತಿಳಿಯದೆ ಹೋಗಬಹುದು. ಅವರಿಗಾಗಿ ಮೊದಲು ಸ್ವಲ್ಪ ವಿವರಿಸುತ್ತೇನೆ.

ಕಂಪ್ಯೂಟರಿನೊಳಗೆ ರ‍್ಯಾಮ್ ಎಂಬ ಭಾಗವೊಂದಿರುತ್ತದೆ. ಅಂಗೈಯಷ್ಟು ಉದ್ದದ, ಹಸಿರು ಬಣ್ಣದ ತೆಳ್ಳಗಿನ ಪಟ್ಟಿ. ನಮ್ಮ ಅಮ್ಮ ಕಾಪು ಮಾರುಕಟ್ಟೆಯಲ್ಲಿ ಮೀನು ಮಾರುತ್ತಾರೆ. ಅವರಿಗೆ ಮೀನು ಕೊಯ್ಯುವ ಹಲಗೆ ಹೇಗೋ, ಕಂಪ್ಯೂಟರಿಗೆ ರ‍್ಯಾಮ್ ಹಾಗೆ. ಹಲಗೆ ಚಿಕ್ಕದಾದರೆ ಕೆಲಸ ನಿಧಾನವಾಗುತ್ತದೆ, ಹಲಗೆಯೇ ಇಲ್ಲದಿದ್ದರೆ ಕೆಲಸವೇ ನಡೆಯುವುದಿಲ್ಲ. ರ‍್ಯಾಮ್ ಇಲ್ಲದ ಕಂಪ್ಯೂಟರ್ ಪರದೆಯ ಮೇಲೆ ಒಂದಕ್ಷರವನ್ನೂ ತೋರಿಸಲಾರದು. ಬೀಪ್ ಬೀಪ್ ಎಂದು ಕೂಗಿ ಅಲ್ಲಿಗೇ ನಿಂತುಬಿಡುತ್ತದೆ. ಇದಕ್ಕೆ ಅಪವಾದವಿಲ್ಲವೆಂದು ನಾನು ಹಲವರಲ್ಲಿ ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಆಗ ನಾನು ಎಂ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಅರ್ಜಿ ಹಾಕಿದ ಕಡೆಗಳಿಂದ "ತಿಳಿಸುತ್ತೇವೆ" ಎಂಬ ಉತ್ತರದ ಹೊರತು ಬೇರೇನೂ ಬಂದಿರಲಿಲ್ಲ. ಕೊನೆಗೆ ಕಾರ್ಕಳದ ಕಡೆಯ ಒಂದು ಪದವಿ ಕಾಲೇಜಿನವರು ಉಪನ್ಯಾಸಕಿಯ ಹುದ್ದೆಗೆ ಆನ್‌ಲೈನ್ ಪಾಠವೊಂದನ್ನು ಮಾಡಿ ತೋರಿಸುವಂತೆ ಕರೆದರು. ಯಂತ್ರವೊಂದರ ಬೆಲೆ ವರ್ಷದಿಂದ ವರ್ಷಕ್ಕೆ ಹೇಗೆ ಇಳಿಯುತ್ತದೆಂಬುದನ್ನು ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಹಾಕುತ್ತ ವಿವರಿಸಬೇಕಿತ್ತು. ನಾನು ಯಾರಿಗೂ ಹೇಳಬಾರದೆಂದಿದ್ದೆ. ಅಮ್ಮ ಆ ವೇಳೆಗೆ ಬಂಗುಡೆ ಮೀನು ಕೊಂಡವರಿಗೆಲ್ಲ "ಮಗಳು ಲೆಕ್ಚರರ್ ಆದಳು" ಎಂದು ಹೇಳಿ ಆಗಿತ್ತು. ಕೆಲಸ ಸಿಗದಿದ್ದರೆ ನನಗೆ ಮಾತ್ರವಲ್ಲ, ಅಮ್ಮನಿಗೂ ಮಾರುಕಟ್ಟೆಯಲ್ಲಿ ಮುಖ ತೋರಿಸುವುದು ಕಷ್ಟವಾಗುತ್ತಿತ್ತು.

ನನ್ನ ಕಂಪ್ಯೂಟರ್ ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಮರಳುತ್ತಿದ್ದ ವಿದ್ಯಾರ್ಥಿಯೊಬ್ಬರಿಂದ ಕೊಂಡದ್ದು. ವಿಡಿಯೊ ಕರೆ ಮತ್ತು ಸ್ಪ್ರೆಡ್‌ಶೀಟ್ ಎರಡನ್ನೂ ಒಟ್ಟಿಗೆ ತೆರೆದರೆ ಅದು ಮರಗಟ್ಟಿದಂತೆ ನಿಲ್ಲುತ್ತಿತ್ತು. ಗೆಳತಿಯೊಬ್ಬಳ ಜೊತೆ ಅಭ್ಯಾಸ ಮಾಡುವಾಗ ನನ್ನ ಮುಖ ಬಾಯಿ ತೆರೆದ ಸ್ಥಿತಿಯಲ್ಲಿಯೇ ಬಹಳ ಹೊತ್ತು ಪರದೆಯ ಮೇಲೆ ಉಳಿದಿತ್ತಂತೆ. ಆದ್ದರಿಂದ ಇನ್ನೊಂದು ರ‍್ಯಾಮ್ ಸೇರಿಸುವುದೆಂದು ನಿಶ್ಚಯಿಸಿ, ಮಣಿಪಾಲದ ಅಂಗಡಿಯೊಂದರಿಂದ ತಂದೆ.

ಜೋಡಿಸಲು ಬಂದವರು ನವೀನಣ್ಣ. ಪಕ್ಕದ ಮನೆಯವರು, ಕುವೈತಿನಲ್ಲಿ ಕ್ಯಾಮೆರಾ ಅಳವಡಿಸುವ ಕೆಲಸದಲ್ಲಿದ್ದು ಆಗ ರಜೆಯಲ್ಲಿ ಊರಿಗೆ ಬಂದಿದ್ದರು. ನಮ್ಮ ಮನೆಮಾತು ತುಳು. ಇಲ್ಲಿಯ ಮಾತುಗಳನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ. ಶುಕ್ರವಾರ ಸಂಜೆ ಅವರು ಕಂಪ್ಯೂಟರಿನ ಪೆಟ್ಟಿಗೆಯ ಬದಿಯ ಮುಚ್ಚಳ ತೆಗೆದು, ಹಳೆಯ ಪಟ್ಟಿಯ ಪಕ್ಕದ ಸ್ಲಾಟಿನಲ್ಲಿ ಹೊಸದನ್ನು ಕೂರಿಸಿ ಗುಂಡಿ ಒತ್ತಿದರು. ಮೂರು ಸಲ ಉದ್ದವಾಗಿ ಬೀಪ್ ಬಂತು. ಪರದೆ ಕಪ್ಪಾಗಿಯೇ ಉಳಿಯಿತು.

"ನಮ್ಮ ಫೋರ್‌ಮ್ಯಾನ್ ಹಾಗೆ ಉಂಟು ಇದು. ಕೂಗುದು ಮಾತ್ರ, ಎಂತಕ್ಕೆ ಅಂತ ಹೇಳುದಿಲ್ಲ," ಎಂದರು ನವೀನಣ್ಣ.

ಪಟ್ಟಿಗಳ ಜಾಗ ಅದಲು ಬದಲು ಮಾಡಿದೆವು. ಕಡಲಿನ ಉಪ್ಪುಗಾಳಿಗೆ ನಮ್ಮಲ್ಲಿ ಕಿಟಕಿಯ ಸರಳೂ ಉಳಿಯುವುದಿಲ್ಲ, ರ‍್ಯಾಮಿನ ಹೊಂಬಣ್ಣದ ಹಲ್ಲುಗಳು ಮಾಸಿರಬಹುದೆಂದು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆವು. ಪ್ರತಿ ಸಲವೂ ಮೂರು ಬೀಪ್. ಹೊಸದನ್ನು ತೆಗೆದು ಹಳೆಯದೊಂದನ್ನೇ ಹಾಕಿದರೂ ಅದೇ ಕೂಗು. ಮೊದಲು ನಿಧಾನವಾಗಿಯಾದರೂ ಓಡುತ್ತಿದ್ದ ಯಂತ್ರ ಈಗ ಪೂರ್ತಿ ನಿಂತುಹೋಗಿತ್ತು.

"ಹೊಸಬನನ್ನು ತಂದು ಪಕ್ಕದಲ್ಲಿ ಕೂರಿಸಿದರೆ ಹಳಬನಿಗೆ ಸಿಟ್ಟು ಬರುದಿಲ್ವಾ?" ಎಂದು ಅಮ್ಮ ಬಾಗಿಲಲ್ಲಿ ನಿಂತು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ನವೀನಣ್ಣ ಮತ್ತೆ ಬಂದರು. ಪಾಠ ಹನ್ನೊಂದು ಗಂಟೆಗಿತ್ತು. ಅವರು ಪೆಟ್ಟಿಗೆಯ ಮುಂದೆ ಕುಳಿತಿದ್ದಾಗ ನಾನು ಒಳಗೆ ಸೀರೆ ಉಡುತ್ತಿದ್ದೆ. "ಲೆಕ್ಚರರಮ್ಮ, ಇದು ನನ್ನಿಂದ ಆಗುದಲ್ಲ. ಇದಕ್ಕೆ ಸರಿ ಹೊಂದುವ ಬೇರೆ ರ‍್ಯಾಮ್ ತರ್ತೇನೆ, ನೀನು ಹೆದರಬೇಡ," ಎಂದು ಹೊರಗಿನಿಂದಲೇ ಕೂಗಿ, ಬೈಕ್ ಹತ್ತಿ ಮಣಿಪಾಲಕ್ಕೆ ಹೊರಟರು.

ಮೊಬೈಲಿನಲ್ಲಿಯೇ ಪಾಠ ಮಾಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ನಾನು ಸಿದ್ಧಪಡಿಸಿದ ಲೆಕ್ಕವೆಲ್ಲ ಕಂಪ್ಯೂಟರಿನೊಳಗೇ ಇತ್ತು. ಬೇರೆ ಪ್ರತಿ ಮಾಡಿಟ್ಟಿರಲಿಲ್ಲ. ಕಾಲೇಜಿಗೆ ಕರೆ ಮಾಡಿ ಸ್ವಲ್ಪ ಸಮಯ ಕೇಳಿದೆ. ಕಚೇರಿಯವರು ಸೌಜನ್ಯದಿಂದಲೇ, ಇತರ ಅಭ್ಯರ್ಥಿಗಳೂ ಇರುವುದರಿಂದ ಹನ್ನೊಂದಕ್ಕೆ ಸೇರದಿದ್ದರೆ ಮುಂದಿನವರನ್ನು ಕರೆಯಬೇಕಾಗುತ್ತದೆ ಎಂದರು.

ಹನ್ನೊಂದಕ್ಕೆ ಸ್ವಲ್ಪವೇ ಮುಂಚೆ ನವೀನಣ್ಣನ ಫೋನ್ ಬಂತು. ಅಂಗಡಿ ತೆರೆದದ್ದೇ ತಡವಾಗಿ, ಈಗಷ್ಟೇ ರ‍್ಯಾಮ್ ಕೈಗೆ ಸಿಕ್ಕಿದೆ, ಇನ್ನೂ ಉಡುಪಿಯನ್ನು ದಾಟಿ ಬರಬೇಕು ಎಂದರು. ನಾನು ಇಸ್ತ್ರಿ ಮಾಡಿದ ಸೀರೆಯಲ್ಲಿ, ಕಪ್ಪು ಪರದೆಯ ಮುಂದೆ, ಅದರಲ್ಲಿ ಕಾಣುತ್ತಿದ್ದ ನನ್ನದೇ ಮುಖವನ್ನು ನೋಡುತ್ತ ಕುಳಿತೆ. ಅಮ್ಮ ಆ ದಿನ ಮಾರುಕಟ್ಟೆಗೆ ಹೋಗಿರಲಿಲ್ಲ. ಹತ್ತಿರ ಬಂದು ನಿಂತರು.

"ಒಂದು ಸಲ ಒತ್ತು ನೋಡುವ, ಮಗಾ."

"ಎಷ್ಟು ಒತ್ತಿದರೂ ಅಷ್ಟೇ ಅಮ್ಮ. ನಿನ್ನೆಯಿಂದ ಅದೇ ಮಾಡಿದ್ದು."

"ನಿನ್ನೆ ನಿನಗೆ ಪಾಠ ಇರಲಿಲ್ಲ ಅಲ್ವಾ? ಇವತ್ತು ಉಂಟು. ಒತ್ತು."

ಅಮ್ಮನ ಸಮಾಧಾನಕ್ಕಾಗಿ ಒತ್ತಿದೆ. ಒಂದೇ ಒಂದು ಚಿಕ್ಕ ಬೀಪ್ ಕೇಳಿಸಿತು. ಪರದೆ ಬೆಳಗಿತು. ಕಡಲದಂಡೆಯ ಚಿತ್ರವಿದ್ದ ನನ್ನ ಎಂದಿನ ಪರದೆ ಕಾಣಿಸಿಕೊಂಡಿತು. ನವೀನಣ್ಣ ಹೊರಡುವ ಮುನ್ನ ಮಾಡಿದ ಯಾವುದೋ ಕೆಲಸ ಫಲಿಸಿತೆಂದು ತಿಳಿದು, ಹೆಚ್ಚು ಯೋಚಿಸದೆ ಕರೆಗೆ ಸೇರಿಕೊಂಡೆ. ಆ ಕ್ಷಣದಲ್ಲಿ ನಾನು ಪೆಟ್ಟಿಗೆಯೊಳಗೆ ಇಣುಕಲಿಲ್ಲ. ನನ್ನ ಸ್ಥಾನದಲ್ಲಿ ಯಾರಿದ್ದರೂ ಇಣುಕುತ್ತಿರಲಿಲ್ಲವೆಂದು ಭಾವಿಸುತ್ತೇನೆ.

ಪರದೆಯ ಮೇಲೆ ಮೂವರು ಹಿರಿಯರು. ನಾನು ಸ್ಪ್ರೆಡ್‌ಶೀಟ್ ತೆರೆದು ಪಾಠ ಆರಂಭಿಸಿದೆ. ಹಿಂದೆಂದೂ ಇಲ್ಲದ ವೇಗದಲ್ಲಿ ಕಂಪ್ಯೂಟರ್ ಓಡುತ್ತಿತ್ತು. ಎರಡನೆಯ ವರ್ಷದ ಬೆಲೆಯನ್ನು ಲೆಕ್ಕ ಹಾಕಿ, ಮೂರನೆಯ ವರ್ಷಕ್ಕೆ ಬರುವಾಗ ನನ್ನ ಕಣ್ಣು ಸಹಜವಾಗಿ ಕಿಟಕಿಯ ಕಡೆಗೆ ಹೊರಳಿತು.

ಕಿಟಕಿಯ ದಂಡೆಯ ಮೇಲೆ ಒಂದು ಸ್ಟೀಲ್ ತಟ್ಟೆಯಿತ್ತು. ಬಿಡಿಭಾಗಗಳು ಧೂಳಾಗದಿರಲೆಂದು ಹಿಂದಿನ ಸಂಜೆ ಅಮ್ಮ ಕೊಟ್ಟದ್ದು. ಅದರಲ್ಲಿ ನಾಲ್ಕೈದು ಸ್ಕ್ರೂಗಳಿದ್ದವು. ಅವುಗಳ ಪಕ್ಕದಲ್ಲಿ ಎರಡು ಹಸಿರು ಪಟ್ಟಿಗಳು ಬಿಸಿಲಿಗೆ ಮಿನುಗುತ್ತಿದ್ದವು. ಒಂದರ ಲೇಬಲ್ ಬೆಳ್ಳಗೆ ಹೊಸದು, ಇನ್ನೊಂದರದ್ದು ಮಾಸಿದ್ದು. ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಎರಡೇ ಸ್ಲಾಟ್. ನಮ್ಮ ಮನೆಯಲ್ಲಿದ್ದದ್ದು ಎರಡೇ ರ‍್ಯಾಮ್. ಎರಡೂ ತಟ್ಟೆಯಲ್ಲಿದ್ದವು.

ನನ್ನ ಮಾತು ನಿಂತಿತು.

"ಮೇಡಂ, ನಮ್ಮ ದನಿ ಕೇಳ್ತಾ ಉಂಟಾ?" ಎಂದು ಮೂವರಲ್ಲಿ ಒಬ್ಬ ಮಹಿಳೆ ಕೇಳಿದರು.

"ಕೇಳಿಸುತ್ತಿದೆ. ಕ್ಷಮಿಸಿ, ಮುಂದುವರಿಸುತ್ತೇನೆ," ಎಂದೆ.

ಆಗ ನನಗಾದ ಭಯ ಪ್ರೇತದ ಭಯವಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದ್ದದ್ದನ್ನು ಬರೆಯಬೇಕು. ನಾನು ಗಮನಿಸಿದ್ದು ಕಂಪ್ಯೂಟರಿಗೆ ಗೊತ್ತಾದರೆ ಅದು ನಿಂತುಬಿಡುತ್ತದೆ ಎಂದು ನನಗೆ ಅನ್ನಿಸಿತು. ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸಬಾರದೆನ್ನುತ್ತಾರಲ್ಲ, ಹಾಗೆ. ಆದ್ದರಿಂದ ನಾನು ಏನನ್ನೂ ನೋಡದವಳಂತೆ, ತಟ್ಟೆಯ ಕಡೆ ಕತ್ತು ತಿರುಗಿಸದೆ, ಮೂರನೆಯ ವರ್ಷದ ಲೆಕ್ಕವನ್ನು ಬಹಳ ಸಹಜವಾಗಿ ವಿವರಿಸಿದೆ. ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ಕಾಣಿಸಿಕೊಂಡು, ತಟ್ಟೆ ಅಡ್ಡವಾಗಿದೆಯೇ, ತೆಗೆಯಲೇ ಎಂದು ಕೈಸನ್ನೆಯಲ್ಲಿ ಕೇಳಿದರು. ನಾನು ಕ್ಯಾಮೆರಾದತ್ತ ಮುಗುಳ್ನಗುತ್ತಲೇ ಬೇಡವೆಂದು ತಲೆಯಾಡಿಸಿದೆ. ಹಿರಿಯರಲ್ಲೊಬ್ಬರು, ಯಂತ್ರದ ಬೆಲೆ ಪೂರ್ತಿ ಇಳಿದ ಮೇಲೂ ಅದು ಕೆಲಸ ಮಾಡುತ್ತಿದ್ದರೆ ಲೆಕ್ಕದಲ್ಲಿ ಹೇಗೆ ತೋರಿಸುತ್ತೀರಿ ಎಂದು ಕೇಳಿದರು. ಪುಸ್ತಕದಲ್ಲಿರುವ ಉತ್ತರವನ್ನು ಹೇಳಿದೆ. ಅವರು ತೃಪ್ತರಾದಂತೆ ಕಂಡಿತು. ಪಾಠ ಮುಗಿಯಿತು, ಕರೆ ಕಡಿಯಿತು, ಕಂಪ್ಯೂಟರ್ ಮಾತ್ರ ಓಡುತ್ತಲೇ ಇತ್ತು.

ನವೀನಣ್ಣ ಬಂದವರೇ ಬೆಳಗುತ್ತಿದ್ದ ಪರದೆ ನೋಡಿ ಸಂತೋಷಪಟ್ಟರು. "ಸರಿ ಆಯ್ತಾ? ಹಾಗಾದರೆ ನನ್ನನ್ನು ಸುಮ್ಮನೆ ಓಡಿಸಿದ್ದಾ? ಯಾವ ಪಟ್ಟಿ ಹಾಕಿದಿ?"

ನಾನು ತಟ್ಟೆ ತೋರಿಸಿದೆ. ತಮಾಷೆಯೆಂದು ಅವರು ನಕ್ಕರು. ಎರಡನ್ನೂ ತೆಗೆದು ಆ ತಟ್ಟೆಯಲ್ಲಿಟ್ಟು ಹೋದದ್ದು ತಾವೇ ಎಂಬುದು ಆಮೇಲೆ ಅವರಿಗೆ ನೆನಪಾಯಿತು. ಬಗ್ಗಿ, ಮೊಬೈಲಿನ ಟಾರ್ಚ್ ಹಿಡಿದು ಪೆಟ್ಟಿಗೆಯೊಳಗೆ ನೋಡಿದರು. ಫ್ಯಾನ್ ತಿರುಗುತ್ತಿತ್ತು. ಸ್ಲಾಟುಗಳೆರಡೂ ಖಾಲಿ. ಬೆರಳಿನಿಂದ ಮುಟ್ಟಲು ಹೋಗಿ ಕೈ ಹಿಂದೆಗೆದುಕೊಂಡರು. "ಚಿಕ್ಕಮ್ಮ, ಸ್ವಲ್ಪ ನೀರು ಕೊಡಿ," ಎಂದು ಅಮ್ಮನಿಗೆ ಹೇಳಿ ನೆಲದ ಮೇಲೆ ಕುಳಿತರು.

ನೀರು ಕುಡಿದ ಮೇಲೆ ಇದನ್ನು ವಿಡಿಯೊ ಮಾಡಲೇಬೇಕೆಂದು ಎದ್ದರು. ಅಷ್ಟರಲ್ಲಿ ಅವರ ಮೊಬೈಲಿನ ಚಾರ್ಜ್ ಮುಗಿದಿತ್ತು. ನನ್ನ ಮೊಬೈಲ್ ಇದೆಯೆಂಬುದು ಆ ಗಡಿಬಿಡಿಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಚಾರ್ಜರ್ ತರಲು ತಮ್ಮ ಮನೆಗೆ ಓಡಿದರು. ಆ ನಡುವೆ ನಾನು ಮಾಡಿದ ಕೆಲಸವನ್ನು ಅವರು ಇಂದಿಗೂ ಆಡಿಕೊಳ್ಳುತ್ತಾರೆ. ನಾನು ಫೈಲನ್ನು ಉಳಿಸಿ, ಪರದೆಯ ಮೇಲೆ ತೆರೆದಿದ್ದ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ, ಕಲಿತ ಕ್ರಮದಂತೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿಬಿಟ್ಟೆ.

"ಆಫ್ ಮಾಡಿದಿಯಾ?" ನವೀನಣ್ಣ ಚಾರ್ಜರ್ ಹಿಡಿದು ಬಾಗಿಲಲ್ಲಿಯೇ ನಿಂತರು. "ಯಾರು ಹೇಳಿದ್ದು ಮಾರಾಯ್ತಿ ನಿನಗೆ?"

"ಬಳಸಿ ಆದ ಮೇಲೆ ಆಫ್ ಮಾಡಬೇಕಲ್ಲ," ಎಂದೆ.

ಮತ್ತೆ ಒತ್ತಿದೆವು. ಮೂರು ಬೀಪ್, ಕಪ್ಪು ಪರದೆ. ಆ ಮಧ್ಯಾಹ್ನವೆಲ್ಲ ಒತ್ತಿದರೂ ಅಷ್ಟೇ. ನವೀನಣ್ಣ ಆ ಬೆಳಿಗ್ಗೆ ಮಣಿಪಾಲದಿಂದ ತಂದ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಎಲ್ಲ ಕಂಪ್ಯೂಟರುಗಳಂತೆ ನಡೆಯತೊಡಗಿತು.

ಆ ಕೆಲಸ ನನಗೆ ಸಿಕ್ಕಿತು. ಈಗಲೂ ಅಲ್ಲಿಯೇ ಪಾಠ ಮಾಡುತ್ತಿದ್ದೇನೆ. ಕಂಪ್ಯೂಟರ್ ವಿಭಾಗದ ಸಹೋದ್ಯೋಗಿಗಳಲ್ಲಿ ಈ ವಿಷಯವನ್ನು ಬೇರೆ ಯಾರಿಗೋ ಆದದ್ದೆಂಬಂತೆ ವಿಚಾರಿಸಿದ್ದೇನೆ. ಕೆಲವು ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ ಎಂದು ಒಬ್ಬರು ತಿಳಿಸಿದರು. ಮನೆಗೆ ಬಂದು ಬೋರ್ಡಿನ ಮಾದರಿಯನ್ನು ಪರಿಶೀಲಿಸಿದೆ, ಹಾಗೇನೂ ಇರಲಿಲ್ಲ. ಓಡುತ್ತಿರುವಾಗ ಯಾರೋ ಪಟ್ಟಿಯನ್ನು ಕಿತ್ತಿರಬಹುದೇ ಎಂದು ಕೇಳಿದರೆ, ಕಿತ್ತ ಕ್ಷಣವೇ ಯಂತ್ರ ನಿಲ್ಲುತ್ತದೆ ಎಂದರು. ಆತಂಕದಲ್ಲಿ ಇಲ್ಲದ್ದನ್ನು ಕಂಡಿರಬಹುದೆಂಬ ಇನ್ನೊಬ್ಬರ ಮಾತನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಇತರರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನವೀನಣ್ಣನಿಗೆ ಯಾವ ಆತಂಕವೂ ಇರಲಿಲ್ಲ. ಪಾಠವನ್ನಂತೂ ಮೂವರು ಕಾರ್ಕಳದಲ್ಲಿ ಕುಳಿತು ಕೇಳಿದ್ದಾರೆ.

ಅಮ್ಮನಿಗೆ ಇದರಲ್ಲಿ ಬೆರಗಿಲ್ಲ. "ಬೋಟು ಬರುವ ದಿನ ನಾನು ಬೆಳಿಗ್ಗೆ ಒಂದು ಲೋಟ ಚಹಾ ಸಹ ಕುಡಿಯದೆ ಮಧ್ಯಾಹ್ನದವರೆಗೆ ಬುಟ್ಟಿ ಹೊರುದಿಲ್ವಾ? ಅದನ್ನು ಯಾರೂ ವಿಚಿತ್ರ ಅಂತ ಹೇಳಿಲ್ಲ," ಎನ್ನುತ್ತಾರೆ.

ನವೀನಣ್ಣ ಪ್ರತಿ ರಜೆಗೆ ಊರಿಗೆ ಬಂದಾಗಲೂ ಚಹಾಕ್ಕೆ ಮೊದಲು ನನ್ನ ಕೋಣೆಗೆ ಹೋಗುತ್ತಾರೆ. ರ‍್ಯಾಮ್ ಕಿತ್ತು ಪಕ್ಕಕ್ಕಿಟ್ಟು, ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಕೈಯಲ್ಲಿ ಹಿಡಿದು, ಗುಂಡಿ ಒತ್ತುತ್ತಾರೆ. ಮೂರು ಬೀಪ್ ಅಡುಗೆಮನೆಯವರೆಗೂ ಕೇಳಿಸುತ್ತದೆ.

"ಅದಕ್ಕೆ ಈಗ ಎಂತ ತುರ್ತುಂಟು ನವೀನಾ? ಅವಳಿಗೆ ಕೆಲಸ ಸಿಕ್ಕಿ ಆಯ್ತಲ್ಲ," ಎಂದು ಅಮ್ಮ ಅಲ್ಲಿಂದಲೇ ಹೇಳುತ್ತಾರೆ.

ಈ ವಿವರಣೆಯನ್ನು ವಿದ್ಯಾವಂತಳಾಗಿ ನಾನು ಒಪ್ಪಲಾರೆ. ಇದಕ್ಕಿಂತ ಉತ್ತಮವಾದುದು ಇನ್ನೂ ನನಗೆ ದೊರೆತಿಲ್ಲ.