ಬೆರಳನ್ನು ಕೇಳುವ ಶಿವಶರಣಪ್ಪ ಕಾಕಾ

ಬೆಳಿಗ್ಗೆ ಬಂದೊಡನೆ ತನ್ನ ತಲೆಗೇ ಒಂದು ಏಟು ಕೊಟ್ಟುಕೊಂಡು ಕೆಲಸ ಶುರುಮಾಡುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ಅಕ್ಕಲಕೋಟೆಯಿಂದ ದಿನಾ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರದ ನರರೋಗದ ದವಾಖಾನೆಗೆ ಯಂತ್ರ ನಡೆಸುವ ಕೆಲಸಕ್ಕೆ ಬರುತ್ತಿದ್ದ ಶಿವಶರಣಪ್ಪ ಕಾಕಾ, ಟೋಪಿ ತೆಗೆದಿಟ್ಟು, ಅಯಸ್ಕಾಂತದ ಸುರುಳಿಯನ್ನು ನೆತ್ತಿಗೆ ಹಿಡಿದು ಗುಂಡಿ ಒತ್ತುತ್ತಿದ್ದರು. ಟಕ್ ಎಂದು ಸದ್ದಾಗಿ, ಸುರುಳಿಯ ಏಟು ಮೆದುಳಿಗೆ ತಾಗಿ ಹೆಬ್ಬೆರಳು ತಾನಾಗಿ ಹಾರಿದರೆ ಯಂತ್ರ ಸರಿಯಿದೆ ಎಂದರ್ಥ.

ತೊಂಬತ್ತರ ದಶಕದಲ್ಲಿ ಅಂಥ ಯಂತ್ರವನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಮೂರ್ಛೆರೋಗದ ಗುಳಿಗೆಗಳು ಮೆದುಳನ್ನು ಎಷ್ಟು ತಣ್ಣಗಿಡುತ್ತವೆ ಎಂದು ನೋಡುವ ಹುಚ್ಚು ನಮ್ಮ ಡಾಕ್ಟರಿಗೆ. ಗುಳಿಗೆ ಒಳಗಿದ್ದರೆ ಬೆರಳು ಏಳಲು ಯಂತ್ರದ ಏಟಿಗೆ ಹೆಚ್ಚು ಜೋರು ಬೇಕು. ನನಗೂ ಮೂರ್ಛೆರೋಗವಿದ್ದುದರಿಂದ ಮೂರು ತಿಂಗಳಿಗೊಮ್ಮೆ ಆ ಯಂತ್ರದ ಕುರ್ಚಿಯಲ್ಲಿ ಕೂರುತ್ತಿದ್ದೆ. ಕಾಕಾ ಮೊದಲು ಬೀಗರ ಹಾಗೆ ಎಲ್ಲ ವಿಚಾರಿಸುವರು: ನಿದ್ದೆ ಆಯಿತೇ, ಚಹಾ ಎಷ್ಟು, ಗುಳಿಗೆ ಯಾವುದು. "ತಲಿ ಒಳಗ ಔಷಧ ಹೆಂಗದ, ಬೆರಳು ಹಂಗ ಕುಣೀತದ," ಎನ್ನುವರು. ಒಬ್ಬ ಬಟ್ಟೆ ವ್ಯಾಪಾರಿ ನಿದ್ದೆಗುಳಿಗೆ ಮುಟ್ಟಿಲ್ಲವೆಂದು ಆಣೆ ಮಾಡಿದ್ದರು. ಬೆರಳು ಅರೆಬರೆ ಅಲುಗಿತು. ಸೇಟಜಿಯ ಬೆರಳು ಇನ್ನೂ ಎದ್ದಿಲ್ಲ ಎಂದರು ಕಾಕಾ. ಸೇಟಜಿ ತೆಪ್ಪಗೆ ಜೇಬಿನಿಂದ ಗುಳಿಗೆ ತೆಗೆದು ತೋರಿಸಿದರು.

ಮಂಗಳವೇಢೆಯ ಗಂಡಿನವರು ನನ್ನನ್ನು ನೋಡಲು ಬರುವುದು ನಿಶ್ಚಯವಾದಾಗ ನಾನು ಗುಳಿಗೆ ಬಿಟ್ಟುಬಿಟ್ಟೆ. ಔಷಧ ಏನಾದರೂ ನಡೆದಿದೆಯೇ ಎಂದು ಕೇಳಿದರೆ, ಸುಳ್ಳಾಡದೆ ಇಲ್ಲ ಎನ್ನಬಹುದಲ್ಲ. ನನ್ನ ಜಾಣತನ ಅಷ್ಟು. ಆ ವಾರವೇ ತಪಾಸಣೆ ಬಂತು. ಎಂದಿಗಿಂತ ಕಡಿಮೆ ಜೋರಿಗೇ ನನ್ನ ಬೆರಳು ಹಾರಿತು. ಕಾಕಾ ಮತ್ತೆರಡು ಸಲ ನೋಡಿ ಸುರುಳಿ ಕೆಳಗಿಟ್ಟರು. ಗುಳಿಗೆ ತಗೊಂಡಿದ್ದೇನೆ ಎಂದೆ.

"ನೀ ಹೂಂ ಅಂತಿ, ಬೆರಳು ಇಲ್ಲ ಅಂತದ. ಒಲಿ ಮುಂದ ನಿಂತಾಗ ಫಿಟ್ಸ್ ಬಂದ್ರ ಏನು ಮಾಡ್ತಿ, ತಂಗಿ?"

ನಾನು ಅತ್ತುಬಿಟ್ಟೆ. ಅವರೇ ಡಾಕ್ಟರ ಬಳಿ ಕರೆದೊಯ್ದರು. ಗುಳಿಗೆ ಮತ್ತೆ ಶುರುವಾಯಿತು.

ಗಂಡಿನವರು ಬಂದ ಭಾನುವಾರ ಅಪ್ಪ ಕಾಕಾರನ್ನೂ ಕರೆದಿದ್ದರು. ಹುಡುಗಿಗೆ ಏನಾದರೂ ಜಡ್ಡು ಇದೆಯೇ ಎಂದು ಹುಡುಗನ ತಾಯಿ ಕೇಳಿದಾಗ ಅಪ್ಪ ಅವಲಕ್ಕಿ ತಟ್ಟೆ ನೋಡುತ್ತ ಕುಳಿತರು. ನಾನೇ ಹೇಳಿದೆ. ಹತ್ತು ನಿಮಿಷದಲ್ಲಿ ಅವರೆಲ್ಲ ಎದ್ದು ಹೋದರು. ಕಾಕಾ ಮಾತ್ರ ಇನ್ನೊಂದು ತಟ್ಟೆ ಅವಲಕ್ಕಿ ಹಾಕಿಸಿಕೊಂಡರು.

"ಚಲೋ ಆತು ಬಿಡು. ಜನ್ಮ ಪೂರಾ ಕದ್ದು ಗುಳಿಗಿ ನುಂಗೋದು ತಪ್ಪಿತು."

ಅಪ್ಪನೂ ನಕ್ಕರು. ಅದೇ ನಮ್ಮ ಕೊನೆಯ ಭೇಟಿ. ಮುಂದಿನ ತಪಾಸಣೆಗೆ ಹೋಗುವಷ್ಟರಲ್ಲಿ ಕಾಕಾ ಅಕ್ಕಲಕೋಟೆಯಲ್ಲಿ ತೀರಿಕೊಂಡಿದ್ದರು. ಎರಡು ವರ್ಷದ ಮೇಲೆ ನನ್ನ ಮದುವೆಯಾಯಿತು. ಗಂಡನ ಮನೆಯ ಮೊದಲ ಊಟದಲ್ಲೇ, ಪಂಕ್ತಿಯಲ್ಲಿ ಎಲ್ಲರ ಎದುರು, ಅತ್ತೆಯವರ ಹತ್ತಿರ ನೀರು ಕೇಳಿ ಇಸಿದುಕೊಂಡು ಗುಳಿಗೆ ನುಂಗಿದೆ.